ಬೇಗಡಿ: ರತ್ನದ ಕೆಲಸದಿಂದ ಎತ್ತಿನ ಕೋಡಿಗೆ ಬಂದ ಶಬ್ದ

ಬೆಳಗಾವಿಯ ಒಂದು ಮಂಗಲ ಕಾರ್ಯಾಲಯದಲ್ಲಿ ನಮ್ಮ ಮನೆಯ ಹುಡುಗಿಯ ಅಕ್ಕಿಕಾಳು, ಅಂದರೆ ಮದುವೆ. ನಾವು ಮುಧೋಳ ಸೀಮೆಯವರು. ಬೀಗರು ಬೆಳಗಾವಿಯವರೇ, ಮನೆಮಾತು ಮರಾಠಿ, ಕನ್ನಡವನ್ನೂ ನೀರು ಕುಡಿದಷ್ಟು ಸಲೀಸಾಗಿ ಆಡುವ ಜನ. ಮದುಮಕ್ಕಳ ಹಣೆಗೆ ಬಾಸಿಂಗ ಕಟ್ಟುವ ಹೊತ್ತಿಗೆ ನಮ್ಮ ದೊಡ್ಡವ್ವ ಹತ್ತಿರ ಹೋಗಿ, ಕಣ್ಣು ಕಿರಿದು ಮಾಡಿ ನೋಡಿ, ಸಂತೋಷದಿಂದ ಅಂದಳು: ‘ಬಾಸಿಂಗಕ್ಕ ಏನ್ ಛಂದ ಬೇಗಡಿ ಹಚ್ಯಾರ ನೋಡ್ರಿ ಬೀಗತೇರ!’ ಬಾಸಿಂಗ ತಂದವರು ಗಂಡಿನ ಕಡೆಯವರು. ಬೀಗತಿಯ ಮುಖ ಒಮ್ಮೆಲೇ ಸಪ್ಪಗಾಯಿತು. ಅವರೇನೂ ಮಾತಾಡಲಿಲ್ಲ, ಸೆರಗು ಸರಿ ಮಾಡಿಕೊಂಡು ಅತ್ತ ಸರಿದರು. ಊಟದ ಪಂಕ್ತಿಯಲ್ಲಿ ಅವರ ತಂಗಿ ನನ್ನ ಪಕ್ಕ ಕುಳಿತು ಮೆಲ್ಲಗೆ ಕೇಳಿದರು: ‘ನಾವು ತಂದ ಬಾಸಿಂಗ ನಿಮಗ ಹಲಕಾ ಅನಸ್ತೇನ್ರಿ?’

ದೊಡ್ಡವ್ವ ಹೊಗಳಿದ್ದಳು, ಅವರಿಗೆ ಬೈಗುಳವಾಗಿ ಕೇಳಿತ್ತು. ದೊಡ್ಡವ್ವನ ಕನ್ನಡದಲ್ಲಿ ಬೇಗಡಿ ಅಂದರೆ ಹೊಳೆಯುವ ಬಣ್ಣದ ತಗಡು, ಬಾಸಿಂಗಕ್ಕೆ ಅಂಟಿಸುವ ಸಾಮಾನು. ಮರಾಠಿಯಲ್ಲಿ ಆ ತಗಡಿನ ಹೆಸರು ಬೇಗಡ, ಅದರಿಂದಲೇ ಹುಟ್ಟಿದ ‘ಬೇಗಡಿ’ ಅಂದರೆ ಮೇಲೆ ಹೊಳಪು ಒಳಗೆ ಹುಸಿ, ನಕಲಿ, ತೋರಿಕೆಯದು. ಹುಸಿ ಪ್ರೀತಿ ಬೇಗಡಿ, ಹುಸಿ ಭಕ್ತಿ ಬೇಗಡಿ, ಚುನಾವಣೆಗೆ ಮುಂಚಿನ ಕಾಳಜಿಯೂ ಬೇಗಡಿ. ಕನ್ನಡದ ಪುಸ್ತಕದಲ್ಲಿ ನಮ್ಮ ಶಬ್ದ ‘ಬೇಗಡೆ’ ಎಂದಿದೆ. ಆದರೆ ನಮ್ಮ ಕಡೆ ಮನೆ ಮನಿಯಾಗುತ್ತದೆ, ಜಡೆ ಜಡಿಯಾಗುತ್ತದೆ, ಹಾಗೇ ಬೇಗಡೆಯೂ ಬೇಗಡಿ. ಅಲ್ಲಿಗೆ ಕನ್ನಡದ ನಾಮಪದಕ್ಕೂ ಮರಾಠಿಯ ಗುಣವಾಚಕಕ್ಕೂ ಉಚ್ಚಾರ ಒಂದೇ ಆಯಿತು. ಮೈಸೂರಲ್ಲಿ ಆಗದ ಈ ತಪ್ಪು ತಿಳಿವಳಿಕೆ ಬೆಳಗಾವಿಯಲ್ಲಿ ಆಗುವುದು ಅದಕ್ಕೇ. ಇಲ್ಲಿ ಎರಡು ಭಾಷೆಗಳು ಒಂದೇ ಜಗಲಿಯಲ್ಲಿ ಕುಳಿತು ಮಾತಾಡುತ್ತವೆ.

ದೊಡ್ಡವ್ವನಿಗೆ ವಿಷಯ ತಿಳಿಸಿದೆ. ಅವಳೇ ಎದ್ದು ಹೋಗಿ ಬೀಗತಿಯ ಕೈ ಹಿಡಿದು, ‘ಯವ್ವಾ, ನಾ ಛಲೋದಕ್ಕ ಅಂದೇನಿ, ನಿಮ್ಮಾಣಿ’ ಅಂದಳು. ಅಲ್ಲಿಗೆ ಆ ಮಾತು ಮುಗಿಯಿತು. ನನಗೆ ಮಾತ್ರ ಮುಗಿಯಲಿಲ್ಲ. ಒಂದು ಶಬ್ದ ಒಬ್ಬರ ಬಾಯಲ್ಲಿ ಸೊಗಸು, ಇನ್ನೊಬ್ಬರ ಕಿವಿಯಲ್ಲಿ ಅವಮಾನ ಆಗುವುದು ಹೇಗೆ ಎಂದು ಹುಡುಕುತ್ತಾ ಹೋದೆ.

ಮೊದಲು ವಸ್ತುವನ್ನೇ ನೋಡೋಣ. ಬೇಗಡೆ ಅಂದರೆ ಹಿಂದೆ ನಿಜವಾಗಿ ತಗಡೇ, ಕಾಗದವಲ್ಲ. ತಾಮ್ರದ ಪಾತ್ರೆಗೆ ಕಲಾಯಿ ಮಾಡಲು ಬಳಸುವ ತವರವನ್ನು ಬಡಿದು ಬಡಿದು ಉಸಿರಿಗೆ ಹಾರುವಷ್ಟು ತೆಳ್ಳಗೆ ಮಾಡುತ್ತಿದ್ದರು. ತವರ ಮೆತ್ತಗಿನ ಲೋಹ, ಬೆಳ್ಳಿಯ ಹಾಗೆ ಹೊಳೆಯುತ್ತದೆ, ಕಬ್ಬಿಣದಂತೆ ತುಕ್ಕು ಹಿಡಿಯುವುದಿಲ್ಲ, ಬೆಳ್ಳಿಯಂತೆ ಕಪ್ಪಾಗುವುದೂ ಇಲ್ಲ. ಅದರ ಮೇಲೆ ಹಳದಿ ಬಣ್ಣದ ಮೆರುಗೆಣ್ಣೆಯ ಒಂದು ಪದರ ಎಳೆದರೆ ಕೆಳಗಿನ ಬಿಳಿ ಹೊಳಪು ಆ ಹಳದಿಯೊಳಗಿಂದ ಹಾದು ಬಂದು ಕಣ್ಣಿಗೆ ಬಂಗಾರವಾಗಿ ಕಾಣುತ್ತದೆ. ಕೆಂಪು ಎಳೆದರೆ ಮಾಣಿಕ, ಹಸಿರು ಎಳೆದರೆ ಪಚ್ಚೆ. ನೆರೆಯ ಕೊಪ್ಪಳ ಜಿಲ್ಲೆಯ ಕಿನ್ನಾಳದ ಚಿತ್ರಗಾರರು ಮರದ ಗೊಂಬೆಗಳಿಗೆ ಮಾಡುವ ‘ಲಾಜವರ’ ಕೆಲಸದ ಗುಟ್ಟೂ ಇದೇ. ತವರವನ್ನು ಅಂಟಿನೊಡನೆ ಅರೆದು, ಬಳಿದು, ಉಜ್ಜಿ ಹೊಳಪು ತರಿಸಿ, ಮೇಲೆ ಮೆರುಗೆಣ್ಣೆ ಕೊಟ್ಟರೆ ಚಿನ್ನ ಮುಟ್ಟದೆಯೇ ಚಿನ್ನದ ಗೊಂಬೆ.

ಇದಕ್ಕೆ ಕನ್ನಡದಲ್ಲಿ ಇನ್ನೊಂದು ಹೆಸರೂ ಇತ್ತು, ಕಾಗೆ ಬಂಗಾರ. ಮುಖ್ಯವಾಗಿ ಅಭ್ರಕಕ್ಕೆ ಆ ಹೆಸರು, ಹೊಳೆಯುವ ತಗಡಿಗೂ ಸಲ್ಲುತ್ತಿತ್ತು. ತೆಲುಗಿನವರೂ ಕಾಕಿಬಂಗಾರಮು ಎನ್ನುತ್ತಾರೆ, ಬೇಗಡ ಎಂಬ ಶಬ್ದವೂ ಅವರಲ್ಲಿದೆ. ಕನ್ನಡ, ತೆಲುಗು, ಮರಾಠಿ ಮೂರೂ ಹಂಚಿಕೊಂಡ ದಖ್ಖನಿನ ಶಬ್ದ ಇದು. (ದಕ್ಷಿಣದ ಓದುಗರು ಬೇಗಡೆ ಎಂದೊಡನೆ ಕರ್ನಾಟಕ ಸಂಗೀತದ ರಾಗವನ್ನು ನೆನೆಯುತ್ತಾರೆ. ಹಿಂದೂಸ್ತಾನಿ ಕೇಳಿ ಬೆಳೆದ ನಮ್ಮ ಸೀಮೆಯಲ್ಲಿ ಆ ಗೊಂದಲವಿಲ್ಲ.)

ಶಬ್ದದ ಬೇರನ್ನು ಹುಡುಕಿದಾಗ ನನಗೆ ನಿಜಕ್ಕೂ ಅಚ್ಚರಿಯಾಯಿತು. ಸಂಸ್ಕೃತದಲ್ಲಿ ವೈಕಟಿಕ ಎಂದರೆ ರತ್ನದ ಕೆಲಸದವನು. ತಮಿಳಿನಲ್ಲಿ ವೇಕಟಂ ಎಂದರೆ ರತ್ನವನ್ನು ಕಡೆದು ಹೊಳಪು ಕೊಡುವ ವಿದ್ಯೆ, ಆ ಕೆಲಸದವನು ವೇಕಟಿ. ಈಗ ಕನ್ನಡದ ಬಾಯಿಯ ರೂಢಿಯನ್ನು ನೆನೆಯಿರಿ. ವೀಥಿ ನಮ್ಮಲ್ಲಿ ಬೀದಿಯಾಯಿತು, ವಸತಿ ಬಸದಿಯಾಯಿತು, ವರ್ಣ ಬಣ್ಣವಾಯಿತು. ಪದದ ಮೊದಲಿನ ವಕಾರ ಬಕಾರವಾಗುವುದು, ನಡುವಿನ ಕಕಾರ ಗಕಾರವಾಗುವುದು, ಟಕಾರ ಡಕಾರವಾಗುವುದು ನಮ್ಮಲ್ಲಿ ಹಳೆಯ ನಡೆ. ವೇಕಟ ಈ ದಾರಿಯಲ್ಲಿ ನಡೆದು ಬಂದರೆ ತಲುಪುವ ಊರು ಬೇಗಡ. ರತ್ನಕ್ಕೂ ತಗಡಿಗೂ ಏನು ಸಂಬಂಧ ಎಂದು ಕೇಳಬಹುದು. ಹಳೆಯ ಒಡವೆ ಬಿಚ್ಚಿ ನೋಡಿದ ಅಕ್ಕಸಾಲಿಗರಿಗೆ ಅದು ಗೊತ್ತು. ಹಿಂಬದಿ ಮುಚ್ಚಿದ ಗೂಡಿನಲ್ಲಿ ಹರಳು ಕೂರಿಸುವಾಗ ಅದರ ಅಡಿಗೆ ಹೊಳೆಯುವ ತೆಳು ತಗಡನ್ನು ಇಡುತ್ತಿದ್ದರು. ಹರಳಿನೊಳಗೆ ಹೊಕ್ಕ ಬೆಳಕು ಆ ತಗಡಿಗೆ ತಾಗಿ ಹಿಂದಿರುಗಿ ಬಂದು ಹರಳಿಗೆ ಜೀವ ಬರುತ್ತಿತ್ತು. ಮಸುಕಾದ ಕೆಂಪಿನ ಅಡಿಯಲ್ಲಿ ಕೆಂಪು ತಗಡಿಟ್ಟರೆ ಬಣ್ಣ ಏರುತ್ತಿತ್ತು. ರತ್ನಕ್ಕೆ ಹೊಳಪು ಕೊಡುವ ವಿದ್ಯೆಯ ಹೆಸರು, ರತ್ನದ ಕೆಳಗೆ ಕುಳಿತು ಹೊಳಪು ಕೊಡುವ ತಗಡಿಗೂ ಹೊಂದುತ್ತದೆ. ಮುಂದೆ ಹರಳು ಕೊಳ್ಳಲಾಗದವರ ಕೈಗೆ ತಗಡೊಂದೇ ಬಂತು, ಹೆಸರೂ ಅದರೊಡನೆ ಬಂತು. ನಾನು ಈ ಶಬ್ದವನ್ನು ಓದಿಕೊಂಡಿದ್ದು ಹೀಗೆ.

ಕೆಳಗಿಳಿದದ್ದು ಬೇಗಡೆ ಒಂದೇ ಅಲ್ಲ. ಅಲಂಕಾರಕ್ಕೆ ಸಂಬಂಧಿಸಿದ ನಮ್ಮ ಎಷ್ಟೋ ಶಬ್ದಗಳ ಪಾಡು ಇದು. ಮುಧೋಳದವಳಾಗಿ ನಾನು ‘ಬೆಡಗು’ ಎಂಬ ಮಾತಿನಲ್ಲಿ ಸ್ವಲ್ಪ ಹೊತ್ತು ನಿಲ್ಲಲೇಬೇಕು. ಇಂದು ಬೆಡಗು ಎಂದರೆ ಬಿಂಕ, ವಯ್ಯಾರ. ಬೆಡಗಿ ಎಂದರೆ ಸಿಂಗಾರ ಮಾಡಿಕೊಂಡು ಮೆರೆಯುವ ಹೆಣ್ಣು. ಆ ಮಾತಿನಲ್ಲಿ ಮೆಚ್ಚುಗೆಯೊಂದಿಗೆ ಒಂದು ಚೂರು ಕೊಂಕೂ ಇರುತ್ತದೆ. ಆದರೆ ಸಾವಿರ ವರ್ಷದ ಹಿಂದೆ ಅದು ಬೆಡಂಗು, ಒಬ್ಬ ಚಕ್ರವರ್ತಿಯ ಬಿರುದು. ಕಲ್ಯಾಣ ಚಾಲುಕ್ಯರ ಸತ್ಯಾಶ್ರಯ 997ರಿಂದ 1008ರವರೆಗೆ ಆಳಿದವನು, ಇರಿವಬೆಡಂಗನೆಂದು ಹೆಸರಾದವನು. ಇರಿಯುವುದರಲ್ಲೇ ಚೆಲುವು ತೋರುವವನು ಎಂಬ ಅರ್ಥ. ಅವನನ್ನು ಕಾವ್ಯದಲ್ಲಿ ಭೀಮನೊಡನೆ ಸಮೀಕರಿಸಿ ಹಾಡಿದ ರನ್ನ ಹುಟ್ಟಿದ್ದು ಮುದುವೊಳಲಲ್ಲಿ, ಇಂದಿನ ನಮ್ಮ ಮುಧೋಳದಲ್ಲಿ, 949ರಲ್ಲಿ. ಮನೆತನ ಬಳೆಗಾರರದು. ಹೆಂಗಸರ ಕೈಗೆ ಬಣ್ಣ ತೊಡಿಸುವ ಮನೆಯ ಹುಡುಗ ಕವಿಚಕ್ರವರ್ತಿಯಾದ. ಅವನ ಕಾಲದ ಬೆಡಂಗು ಕತ್ತಿಯ ಅಲುಗಿನ ಮೇಲಿತ್ತು. ನಡುವೆ ವಚನಕಾರರ ಕಾಲಕ್ಕೆ ಬೆಡಗು ಎಂದರೆ ಗೂಢಾರ್ಥ ಎಂದೂ ಆಯಿತು, ಬೆಡಗಿನ ವಚನ ಎನ್ನುತ್ತೇವಲ್ಲ, ಅದು. ಆಮೇಲೆ ಅದು ಹೆಣ್ಣಿನ ನಡಿಗೆಗೆ ಬಂದು ನಿಂತಿತು.

ಬಿನ್ನಾಣ ಇನ್ನೂ ಸ್ಪಷ್ಟ ಸಾಕ್ಷಿ. ಅದು ವಿಜ್ಞಾನದ ತದ್ಭವ. ಬಿನ್ನಾಣಿ ಎಂದರೆ ಕುಶಲಕರ್ಮಿ, ಕೈಕಸಬಿನಲ್ಲಿ ಪಳಗಿದವನು. ಈಗ ‘ಬಿನ್ನಾಣಗಿತ್ತಿ’ ಎಂದು ಯಾರನ್ನಾದರೂ ಕರೆದು ನೋಡಿ! ವಿದ್ಯೆ ಎಂಬ ಅರ್ಥ ಪೂರಾ ಸವೆದು, ಸೋಗು ಮಾತ್ರ ಉಳಿಯಿತು. ರತ್ನದ ವಿದ್ಯೆ ಬೇಗಡಿಯಾದದ್ದು, ವಿಜ್ಞಾನ ಬಿನ್ನಾಣವಾದದ್ದು, ವೀರನ ಬೆಡಂಗು ಬೆಡಗಾದದ್ದು ಮೂರೂ ಒಂದೇ ಇಳಿಜಾರು.

ಇದು ಕನ್ನಡಕ್ಕೆ ಮಾತ್ರ ಅಂಟಿದ ರೋಗವೂ ಅಲ್ಲ. ಇಂಗ್ಲಿಷಿನಲ್ಲಿ ‘ಟಾಡ್ರಿ’ ಎಂಬ ಶಬ್ದವಿದೆ, ಅಗ್ಗದ ಆಡಂಬರದ ಸಿಂಗಾರ ಎಂದು ಅರ್ಥ. ಅದರ ಹಿಂದೆ ಇರುವುದು ಒಬ್ಬ ಸಂತಳು. ಏಳನೆಯ ಶತಮಾನದಲ್ಲಿ ಇಂಗ್ಲೆಂಡಿನ ನಾರ್ಥಂಬ್ರಿಯಾ ಎಂಬ ರಾಜ್ಯದ ರಾಣಿಯಾಗಿದ್ದ ಎಥೆಲ್‌ಡ್ರೆಡಾ ಅರಮನೆ ಬಿಟ್ಟು ಸನ್ಯಾಸ ಹಿಡಿದು ಈಲಿ ಎಂಬಲ್ಲಿ 673ರಲ್ಲಿ ಮಠ ಕಟ್ಟಿದಳು. 679ರಲ್ಲಿ ತೀರಿಕೊಂಡಳು. ಕೊನೆಗಾಲದಲ್ಲಿ ಕುತ್ತಿಗೆಯಲ್ಲಿ ಗಡ್ಡೆ ಎದ್ದಿತ್ತು. ಎಳೆಯ ವಯಸ್ಸಿನಲ್ಲಿ ಹಾರ ಹಾಕಿಕೊಂಡು ಮೆರೆದದ್ದರ ಫಲ ಇದು ಎಂದು ಅವಳೇ ನಂಬಿದ್ದಳಂತೆ. ಜನ ಅವಳನ್ನು ಆಡ್ರಿ ಎಂದು ಕರೆದರು. ಅವಳ ಹೆಸರಿನ ಈಲಿಯ ಜಾತ್ರೆಯಲ್ಲಿ ಕೊರಳಿಗೆ ಕಟ್ಟುವ ರೇಷ್ಮೆಯ ಪಟ್ಟಿ ಮಾರುತ್ತಿದ್ದರು. ಸಂತ ಆಡ್ರಿಯ ಪಟ್ಟಿ, ಬಾಯಿಂದ ಬಾಯಿಗೆ ಬೀಳುತ್ತಾ ಟಾಡ್ರಿ ಪಟ್ಟಿಯಾಯಿತು. ಮೊದಲು ಅದು ಸೊಗಸಾದ ವಸ್ತುವಿನ ಹೆಸರು. ಹಳ್ಳಿಯ ಹುಡುಗಿಯರು ಜಾತ್ರೆಯಲ್ಲಿ ಕೊಂಡು ಕಟ್ಟಿಕೊಳ್ಳುವ ಅಗ್ಗದ ಪಟ್ಟಿಗಳೇ ಹೆಚ್ಚಾದ ಮೇಲೆ ಅದು ಬೈಗುಳ. ಹೊಳೆಯುವ ಜರಿಗೆ ಇಂಗ್ಲಿಷಿನವರು ಹೇಳುವ ‘ಟಿನ್ಸೆಲ್’ ಕೂಡ ಫ್ರೆಂಚರ ‘ಕಿಡಿ’ ಎಂಬ ಶಬ್ದದಿಂದ ಬಂದದ್ದು. ಕಿಡಿ ಎಂಬ ಸುಂದರ ಮಾತೂ ಕೊನೆಗೆ ತೋರಿಕೆ ಎಂಬ ಅರ್ಥಕ್ಕೆ ಇಳಿಯಿತು.

ಈಲಿಯ ಕತೆ ಓದಿದ ಮೇಲೆ ನನಗೆ ಒಂದು ವಿಷಯ ಗಟ್ಟಿಯಾಯಿತು. ಶಬ್ದ ಕೆಡುವುದು ವಸ್ತು ಕೆಟ್ಟಿದ್ದರಿಂದಲ್ಲ. ಅದನ್ನು ತೊಡುವವರು ಬದಲಾದದ್ದರಿಂದ. ರಾಣಿಯ ಕೊರಳಲ್ಲಿ ಇರುವವರೆಗೆ ಅದು ಸೊಗಸು. ಒಕ್ಕಲಿಗನ ಮಗಳು ಅದೇ ಹೊಳಪನ್ನು ನಾಲ್ಕು ಕಾಸಿಗೆ ಕೊಂಡಾಗ ಅದು ಥಳಕು.

ವಿಜಯಪುರದ ಜಾಮಿಯಾ ಮಸೀದಿಯಲ್ಲಿ ಮಿಹ್ರಾಬಿನ, ಅಂದರೆ ಮೆಕ್ಕಾದ ದಿಕ್ಕು ತೋರುವ ಗೋಡೆಗೂಡಿನ, ಮುಂದೆ ನಿಂತವರು ಈ ಮಾತನ್ನು ಯೋಚಿಸಬಹುದು. 1636ರಲ್ಲಿ, ಮುಹಮ್ಮದ್ ಆದಿಲ್ ಶಾಹನ ಆಳ್ವಿಕೆಯಲ್ಲಿ, ಆ ಗೋಡೆಗೆ ಚಿನ್ನ ಮತ್ತು ಬಣ್ಣಗಳಲ್ಲಿ ಅಕ್ಷರ, ಹೂದಾನಿ, ಪುಸ್ತಕಗಳನ್ನು ಬರೆಸಿದರು. ಒಂದಂಗುಲವೂ ಬರಿದಾಗಿಲ್ಲ. ಅದನ್ನು ಯಾರೂ ಥಳಕು ಎನ್ನುವುದಿಲ್ಲ, ನಾನೂ ಎನ್ನಲಾರೆ, ಅದರ ಮುಂದೆ ಮಾತು ನಿಲ್ಲುತ್ತದೆ. ಅದೇ ದೊರೆ ತನ್ನ ಗೋರಿಗೆ ಮಾತ್ರ ಗೋಲಗುಮ್ಮಟದಂಥ ಬೋಳು ಗುಮ್ಮಟ ಕಟ್ಟಿಸಿಕೊಂಡ. ಚಿನ್ನವಿದ್ದವರಿಗೆ ಅದನ್ನು ಹಚ್ಚುವ ಸ್ವಾತಂತ್ರ್ಯವೂ ಇತ್ತು, ಬಿಡುವ ಸ್ವಾತಂತ್ರ್ಯವೂ ಇತ್ತು. ಅದೇ ವಿಜಯಪುರದ ಓಣಿಗಳಲ್ಲಿ, ಸುತ್ತಣ ಹಳ್ಳಿಗಳಲ್ಲಿ, ಮೊಹರಮ್ಮಿಗೆ ಬಿದಿರಿನ ಸಿಬಿರಿನ ಮೇಲೆ ಬಣ್ಣದ ಹಾಳಿ, ಬೇಗಡಿ ಅಂಟಿಸಿ ತಾಬೂತು ಕಟ್ಟುತ್ತಾರೆ. ನಮ್ಮ ಕಡೆ ಡೋಲಿ ಅನ್ನುತ್ತೇವೆ. ಹಿಂದೂ ಮುಸ್ಲಿಂ ಎನ್ನದೆ ಊರಿಗೆ ಊರೇ ಸೇರುವ ಹಬ್ಬ ಅದು; ಬೆಂಕಿ ಹಾಕುವ ಅಲಾವಿ ಕುಣಿಯ ಸುತ್ತ ಮೊಹರಮ್ಮಿನ ರಿವಾಯತ ಪದ ಹಾಡುವವರಲ್ಲಿ ಎಲ್ಲ ಓಣಿಯವರೂ ಇರುತ್ತಾರೆ. ಹಲವು ರಾತ್ರಿ ನಿದ್ದೆಗೆಟ್ಟು ಕತ್ತರಿಸಿದ ಆ ಬೇಗಡಿ ಹೂವುಗಳು ಹತ್ತನೆಯ ದಿನ ನೀರು ಸೇರುತ್ತವೆ. ಮಿಹ್ರಾಬಿನ ಚಿನ್ನ ನಾಲ್ಕು ಶತಮಾನದ ಹತ್ತಿರ ಬಂದಿದೆ. ಡೋಲಿಯ ಬೇಗಡಿ ಹತ್ತು ದಿನ. ಹಚ್ಚುವಾಗಿನ ಶ್ರದ್ಧೆಯಲ್ಲಿ ನನಗೆ ಹೆಚ್ಚು ಕಡಿಮೆ ಕಾಣುವುದಿಲ್ಲ.

ಆದಿಲ್‌ಶಾಹಿಯ, ಆಮೇಲೆ ಮರಾಠರ ಆಡಳಿತದ ಕಾಲದಲ್ಲಿ ಹೊಳಪಿನ ಶಬ್ದಗಳು ನಮ್ಮ ಭಾಷೆಗೆ ಗಾಡಿಗಟ್ಟಲೆ ಬಂದವು. ಫಾರಸಿಯಲ್ಲಿ ಚಿನ್ನಕ್ಕೆ ಜರ್, ಅದರಿಂದ ಜರಿ, ಜರತಾರಿ. ಚಿನ್ನದೆಳೆಗೆ ಕಲಾಪತ್ತು. ಮುಲಾಮು ಎಂಬುದೂ ಆಗಲೇ ಬಂತು. ಗಾಯಕ್ಕೆ ಹಚ್ಚುವ ಮುಲಾಮಲ್ಲ, ಹಿತ್ತಾಳೆಗೆ ಕೊಡುವ ಚಿನ್ನದ ನೀರು. ಇಂಗ್ಲಿಷರು ಬಂದ ಮೇಲೆ ಆ ಜಾಗದಲ್ಲಿ ಗಿಲೀಟು ಕುಳಿತಿತು. ಆಮೇಲೆ ಚಮಕಿ. ಇವೆಲ್ಲ ಬಂದರೂ ಬೇಗಡಿ ಜಾಗ ಬಿಡಲಿಲ್ಲ, ಏಕೆಂದರೆ ಜರಿ ಸೀರೆಗೆ, ಮುಲಾಮು ಒಡವೆಗೆ, ಬೇಗಡಿ ಮಾತ್ರ ಬಾಸಿಂಗ, ಡೋಲಿ, ಕಿರೀಟ, ಕೋಡು, ದೇವರ ಮಂಟಪ ಇವಕ್ಕೆ. ಇಳಕಲ್ಲಿನ ನೇಕಾರರು ಕೃತಕ ರೇಷ್ಮೆಯನ್ನು ಚಮಕಾ ಎಂದು ಕರೆಯುತ್ತಾರೆ. ಅಲ್ಲಿ ಆ ಮಾತಿಗೆ ಯಾವ ಕೊಂಕೂ ಇಲ್ಲ, ಹತ್ತಿ, ರೇಷ್ಮೆ, ಚಮಕಾ ಅಷ್ಟೇ. ನೂಲಿನ ಲೆಕ್ಕ. ಕಸಬಿನವರ ಬಾಯಲ್ಲಿ ಹೊಳಪಿನ ಶಬ್ದಗಳು ಶುದ್ಧವಾಗೇ ಉಳಿಯುತ್ತವೆ ಎನ್ನುವುದಕ್ಕೆ ಇದೂ ಒಂದು ಗುರುತು.

ಬಾಸಿಂಗದ ಮಾತಿಗೆ ಮರಳುತ್ತೇನೆ. ಅದನ್ನು ಮಾಡುವವರು ನಮ್ಮ ಕಡೆ ಹೆಚ್ಚಾಗಿ ಹೂಗಾರರು, ಚಿತ್ರಗಾರರು, ಜಿನಗಾರರು. ಜೀನು ಎಂದರೆ ಫಾರಸಿಯಲ್ಲಿ ಕುದುರೆಯ ತಡಿ. ಕುದುರೆಗಳಿದ್ದ ಕಾಲದಲ್ಲಿ ತಡಿ ಹೊಲಿದ ಕೈಗಳು, ಕುದುರೆ ಹೋದ ಮೇಲೆ ಗಣಪತಿ ಮಾಡಿದವು, ಬಾಸಿಂಗ ಕಟ್ಟಿದವು. ಬಾಸಿಂಗದ ಒಡಲು ಬೆಂಡು. ಕೆರೆಯ ನೀರಿನಲ್ಲಿ ಬೆಳೆಯುವ ಗಿಡದ ಒಳತಿರುಳು, ಹಾಲಿನಷ್ಟು ಬಿಳಿ, ಹತ್ತಿಯಷ್ಟು ಹಗುರ. ಅದನ್ನು ಹರಿತ ಚೂರಿಯಲ್ಲಿ ಸೀಳಿ ಹೂವು, ಗಿಳಿ, ಗೋಪುರ ಕೊರೆದು, ಸಂದುಗಳಲ್ಲಿ ಬೇಗಡಿ ಕೂರಿಸುತ್ತಿದ್ದರು. ಹಣೆಯ ಮೇಲೆ ತಾಸುಗಟ್ಟಲೆ ಹೊರಬೇಕಾದ ಸಿಂಗಾರ ಇದು, ನಿಜವಾದ ಲೋಹದ ಕಿರೀಟವಾದರೆ ಮದುಮಗಳ ಕುತ್ತಿಗೆ ಸೋಲುತ್ತದೆ. ಬೆಂಡು ಮತ್ತು ಬೇಗಡಿ ಸೇರಿದರೆ ತೂಕವಿಲ್ಲದ ಕಿರೀಟ. ಬಡವನ ಮಗಳಿಗೂ ಒಂದು ದಿನದ ಅರಸೊತ್ತಿಗೆ. ಮದುವೆ ಮುಗಿದ ಮೇಲೆ ಅದನ್ನು ಎಸೆಯುವುದಿಲ್ಲ. ನಮ್ಮ ಮನೆಯಲ್ಲಿ ಜಂತಿಗೆ ಸಿಕ್ಕಿಸಿಡುತ್ತಿದ್ದರು. ನನ್ನ ಆಯಿಯ ಮದುವೆಯ ಬಾಸಿಂಗ ಅಡಿಗಿ ಮನೆಯ ಹೊಗೆಗೆ ಕಪ್ಪಾಗಿ, ನಡುನಡುವೆ ಮಾತ್ರ ಒಂದೊಂದು ಚೂರು ಮಿನುಗುತ್ತಾ, ನಾನು ಸಾಲೆಗೆ ಹೋಗುವವರೆಗೂ ಅಲ್ಲೇ ಇತ್ತು. ಕೆಳಗೆ ಕುಳಿತು ರೊಟ್ಟಿ ಬಡಿಯುವಾಗ ಆಯಿ ಒಮ್ಮೊಮ್ಮೆ ತಲೆ ಎತ್ತಿ ಅದನ್ನು ನೋಡುವಳು.

ಆಟದ ಅಟ್ಟಣಿಗೆಯ ಮೇಲೆ ಬೇಗಡಿಗೆ ಇನ್ನೊಂದು ಕಾರಣವಿತ್ತು. ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ಹೆಮ್ಮೆಯ ಕಲೆ ಶ್ರೀಕೃಷ್ಣ ಪಾರಿಜಾತ. ಅಪರಾಳ ತಮ್ಮಣ್ಣ ರಚಿಸಿದ್ದು, ಕುಲಗೋಡ ತಮ್ಮಣ್ಣ ಬೆಳೆಸಿದ್ದು, ಕೌಜಲಗಿ ನಿಂಗಮ್ಮ ಊರೂರಿಗೆ ಒಯ್ದು ಮನೆಮಾತು ಮಾಡಿದ್ದು. ಹಿಲಾಲಿನ ಬೆಳಕಿನಲ್ಲಿ ಆಡುತ್ತಿದ್ದ ಆಟ, ಆಮೇಲೆ ಗ್ಯಾಸಬತ್ತಿ ಬಂತು. ಎಣ್ಣೆಯ ದೀವಟಿಗೆಯ ಬೆಳಕು ಒಂದೇ ಸಮ ಇರುವುದಿಲ್ಲ, ಗಾಳಿಗೆ ಅಲುಗುತ್ತದೆ. ನಯವಾದ ಚಿನ್ನದ ಒಡವೆ ಆ ಬೆಳಕಿನಲ್ಲಿ ಹತ್ತು ಮಾರು ದೂರಕ್ಕೆ ಬರೀ ಮಸುಕು ಚುಕ್ಕೆ. ಸುಕ್ಕುಗಟ್ಟಿಸಿ ಅಂಟಿಸಿದ ಬೇಗಡಿಯಲ್ಲಿ ನೂರು ಮಡಿಕೆ, ಒಂದೊಂದು ಮಡಿಕೆಯೂ ಒಂದೊಂದು ದಿಕ್ಕಿಗೆ ಕನ್ನಡಿ. ದೀಪ ಅಲುಗಿದರೆ ಸಾಕು, ಕೃಷ್ಣನ ಕಿರೀಟ ತಾನೇ ಉಸಿರಾಡಿದ ಹಾಗೆ ಮಿನುಗುತ್ತದೆ. ಕಟ್ಟಿಗೆಯ ಭುಜಕೀರ್ತಿ, ಎದೆಹಾರ, ಭಾಮೆಯ ಆಭರಣ ಎಲ್ಲದರ ಮೇಲೂ ಬೇಗಡಿ ಇದ್ದದ್ದು ಹಿಂದಿನ ಸಾಲಿನ ಮುದುಕನಿಗೂ ದೇವರು ಕಾಣಲಿ ಎಂದು. ಇದನ್ನು ಹಗಲು ಬೆಳಕಿನಲ್ಲಿ, ಒಂದು ಗೇಣು ದೂರದಿಂದ ನೋಡಿ ‘ಅತಿಯಾಯಿತು’ ಎನ್ನುವುದು ಅನ್ಯಾಯ. ಅತಿ ಇರಬೇಕಾದ ಜಾಗ ಅದು.

ಮತ್ತೆ ಆ ಕತೆಯನ್ನೇ ನೋಡಿ. ನಾರದ ತಂದ ಪಾರಿಜಾತ ಹೂವು ರುಕ್ಮಿಣಿಗೆ ಸಿಕ್ಕಿತೆಂದು ಸತ್ಯಭಾಮೆ ಮುನಿಯುತ್ತಾಳೆ. ಮೈತುಂಬ ಹೊಳಪು ಹೊತ್ತವಳು ಒಂದು ಬಿಳಿ ಹೂವಿಗಾಗಿ ರಾತ್ರಿಯಿಡೀ ಅಳುತ್ತಾಳೆ. ಆಟ ಮುಗಿಯುವುದು ಬೆಳಗಿನ ಜಾವಕ್ಕೆ. ಅದೇ ಹೊತ್ತಿಗೆ ಪಾರಿಜಾತದ ಗಿಡ ತನ್ನ ಹೂವನ್ನೆಲ್ಲ ನೆಲಕ್ಕೆ ಉದುರಿಸುತ್ತದೆ. ಚಿಕ್ಕವಳಿದ್ದಾಗ ಅಪ್ಪನ ಹೆಗಲ ಮೇಲೆ ಮನೆಗೆ ಬರುತ್ತಾ, ಗುಡಿಯ ಹಿಂದಿನ ಗಿಡದ ಬುಡದಲ್ಲಿ ಬಿದ್ದ ಆ ಹೂವು ಕಂಡಾಗ, ಭಾಮೆ ಇಲ್ಲಿಗೆ ಬಂದಿದ್ದರೆ ಒಂದು ಬುಟ್ಟಿ ಸಿಗುತ್ತಿತ್ತಲ್ಲ ಎಂದು ನಿಜವಾಗಿಯೂ ದುಃಖಪಟ್ಟಿದ್ದೆ.

ಬೇಗಡಿ ಎಂದರೆ ನನಗೆ ಎಲ್ಲಕ್ಕಿಂತ ಮೊದಲು ನೆನಪಾಗುವುದು ಎತ್ತಿನ ಕೋಡು. ಜ್ಯೇಷ್ಠದ ಹುಣ್ಣಿಮೆ, ನಮ್ಮ ಕಾರಹುಣ್ಣಿವಿ. ಎತ್ತುಗಳಿಗೆ ಮೈತೊಳೆದು, ಕೋಡು ಹೆರೆದು, ಹುರಮಂಜಿನ ಕೆಂಪು ಬಣ್ಣ ಹಚ್ಚಿ, ಅದರ ಮೇಲೆ ಅಪ್ಪ ಬೇಗಡಿಯ ಪಟ್ಟಿ ಸುತ್ತುತ್ತಿದ್ದ. ಜೋಳದ ಹಿಟ್ಟಿನ ಅಂಟು ಕುದಿಸಿಕೊಡುವುದು ನನ್ನ ಕೆಲಸ. ಬುಡದಿಂದ ತುದಿಗೆ ಓರೆಯಾಗಿ, ಒಂದು ಸುತ್ತು ಕೆಂಪು, ಒಂದು ಸುತ್ತು ಹಳದಿ. ತುದಿಗೆ ಕೋಡಣಸು, ಹಣೆಗೆ ಗೊಂಡೆ, ಬೆನ್ನಿಗೆ ಜೂಲ. ಸಂಜೆಗೆ ಅಗಸಿಯಲ್ಲಿ ಕರಿ ಹರಿಯುವುದು, ಬೇವಿನ ತೊಪ್ಪಲು ಕಟ್ಟಿದ ಹಗ್ಗವನ್ನು ಓಡಿ ಬಂದ ಎತ್ತು ಹರಿಯಬೇಕು. ಬಿಳಿ ಎತ್ತು ಹರಿದರೆ ಹಿಂಗಾರಿ ಛಲೋ, ಕೆಂದೆತ್ತು ಹರಿದರೆ ಮುಂಗಾರಿ ಛಲೋ ಎಂದು ಊರು ಲೆಕ್ಕ ಹಾಕುತ್ತಿತ್ತು. ಒಂದು ವರ್ಷ ಮಳೆಯಿಲ್ಲ, ಮೇವಿಲ್ಲ, ಮನೆಯಲ್ಲಿ ಯಾರಿಗೂ ಹೊಸ ಅರಿವೆ ಇರಲಿಲ್ಲ. ಆಯಿ ‘ಈ ವರ್ಷ ಬೇಗಡಿ ಬಿಡಪಾ’ ಅಂದಳು. ಅಪ್ಪ ಕೇಳಲಿಲ್ಲ. ‘ಅವು ದುಡದಾವ್ಬೇ, ನಾವು ಉಟ್ಟರೇನು ಬಿಟ್ಟರೇನು’ ಅಂದ. ನಾಲ್ಕು ಹಾಳೆ ಬೇಗಡಿ ತಂದು ಸುತ್ತಿದ. ಮರಾಠಿಯ ಬೇಗಡಿಗೆ ‘ಒಳಗೆ ಏನೂ ಇಲ್ಲ’ ಎಂಬ ಅರ್ಥವಿದೆ ಎಂದು ಮುಂದೆ ಬೆಳಗಾವಿಗೆ ಬಂದು ಕಲಿತಾಗ, ನನಗೆ ಆ ಸಂಜೆಯ ಕೋಡುಗಳು ಕಣ್ಣ ಮುಂದೆ ಬಂದವು. ಒಳಗೆ ಏನೆಲ್ಲ ಇತ್ತು!

ಹಾಗೆಂದು ಮರಾಠಿಯ ಅರ್ಥ ತಪ್ಪು ಎಂದು ನಾನು ಹೇಳುತ್ತಿಲ್ಲ. ಹುಸಿ ಮಾತಿಗೆ ಒಂದು ಹೆಸರು ಬೇಕು, ಹೊಳೆಯುವ ತಗಡಿಗಿಂತ ಒಳ್ಳೆಯ ಹೋಲಿಕೆ ಸಿಗಲಾರದು. ನಮ್ಮ ಆಯಿಯೂ ಯಾರಾದರೂ ಬಾಯಿತುಂಬ ಹೇಳಿ ಕೈಯೆತ್ತಿ ಕೊಡದಿದ್ದರೆ ‘ಬರೇ ಬೇಗಡಿ’ ಅಂದದ್ದುಂಟು. ಆದರೆ ಅವಳು ಬೈದದ್ದು ಮನುಷ್ಯನ ಮಾತಿಗೆ, ತಗಡಿಗೆ ಅಲ್ಲ. ತಗಡು ಎಂದೂ ತಾನು ಚಿನ್ನ ಎಂದು ಯಾರಿಗೂ ಸುಳ್ಳು ಹೇಳಿಲ್ಲ. ಎತ್ತಿನ ಕೋಡಿಗೆ ಬಂಗಾರ ಸುತ್ತಿದ್ದಾರೆ ಎಂದು ನಂಬಿದವರು ನಮ್ಮ ಊರಿನಲ್ಲಿ ಒಬ್ಬರೂ ಇರಲಿಲ್ಲ.

ಈಗ ವಸ್ತುವೇ ಬದಲಾಗಿದೆ. ತವರದ ಬೇಗಡಿ ಹೋಗಿ, ಪಾಲಿಯೆಸ್ಟರ್ ಹಾಳೆಯ ಮೇಲೆ ಅಲ್ಯೂಮಿನಿಯಂ ಆವಿ ಕೂರಿಸಿದ ಹೊಸ ಹಾಳೆ ಬಂತು. ಹಳೆಯದು ಬೆರಳಿನಿಂದ ಒತ್ತಿದರೆ ಒತ್ತಿದ ಹಾಗೇ ಕೂರುತ್ತಿತ್ತು, ಕೊರೆದ ಹೂವಿನ ಎಸಳಿಗೆ ಎಸಳಾಗಿ ಅಂಟುತ್ತಿತ್ತು. ಹೊಸದು ಮಡಿಚಿದರೆ ಎದ್ದು ನಿಲ್ಲುತ್ತದೆ, ಜೋಳದ ಅಂಟಿಗೆ ಜಗ್ಗುವುದಿಲ್ಲ, ಚರಚರ ಸದ್ದು ಬೇರೆ. ಬೆಂಡಿನ ಜಾಗಕ್ಕೆ ಥರ್ಮಾಕೋಲ್ ಬಂತು. ಹಿಂದಿನ ಡೋಲಿ ನೀರಿಗೆ ಬಿದ್ದರೆ ಬಣ್ಣದ ಕಾಗದ ಕರಗಿ, ಬೇಗಡಿಯ ಒಂದಿಷ್ಟು ತವರ ಕೆಸರಿಗೆ ಸೇರುತ್ತಿತ್ತು. ಈ ಹೊಸ ಹಾಳೆ ವರ್ಷವಾದರೂ ದಂಡೆಯಲ್ಲಿ ಹೊಳೆಯುತ್ತಾ ಬಿದ್ದಿರುತ್ತದೆ. ಅಲಂಕಾರದ ಥರ್ಮಾಕೋಲನ್ನು 2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧಿಸಿದ ಮೇಲೆ ಬೆಳಗಾವಿಯ ಗಣಪತಿ ಮಂಟಪದವರು ಮತ್ತೆ ರಟ್ಟು, ಬಟ್ಟೆ, ಬಿದಿರು ಎಂದು ಯೋಚಿಸಬೇಕಾಗಿದೆ. ನೂರು ವರ್ಷ ದಾಟಿದ ಉತ್ಸವ ಅದು. ಥರ್ಮಾಕೋಲ್ ಇಲ್ಲದೆಯೂ ಎಷ್ಟೋ ದಶಕ ನಡೆದಿದೆ.

ಹೆಸರೂ ಸವೆಯುತ್ತಿದೆ. ಮಕ್ಕಳು ಗೋಲ್ಡನ್ ಪೇಪರ್ ಎನ್ನುತ್ತಾರೆ, ಅವರ ತಾಯಂದಿರು ಚಮಕಿ ಹಾಳಿ ಎನ್ನುತ್ತಾರೆ. ಹೋದ ವರ್ಷ ಗಣಪತಿ ಹಬ್ಬಕ್ಕೆ ಮುಂಚೆ ಬೆಳಗಾವಿಯ ಗಣಪತ ಗಲ್ಲಿಯಲ್ಲಿ ಒಂದು ಅಂಗಡಿಗೆ ಹೋಗಿ, ಬೇಕೆಂದೇ, ‘ಬೇಗಡಿ ಐತೇನ್ರಿ?’ ಎಂದು ಕೇಳಿದೆ. ಗಲ್ಲೆಯ ಮೇಲಿದ್ದ ಹುಡುಗನಿಗೆ ತಿಳಿಯಲಿಲ್ಲ, ‘ಏನ್ರೀ ಅಕ್ಕಾ?’ ಎಂದು ಎರಡು ಸಲ ಕೇಳಿದ. ಒಳಗೆ ಚಾಪೆಯ ಮೇಲೆ ಕುಳಿತು ಹಾರ ಪೋಣಿಸುತ್ತಿದ್ದ ಮುದುಕರೊಬ್ಬರು ತಲೆ ಎತ್ತಿದರು. ಮೊಣಕಾಲ ಮೇಲೆ ಕೈಯೂರಿ ಎದ್ದು, ಮೇಲಿನ ಫಳಿಯಿಂದ ಧೂಳು ಹಿಡಿದ ಒಂದು ಸುರುಳಿ ಇಳಿಸಿ, ಅಂಗಿಯ ತೋಳಿನಿಂದ ಒರೆಸಿದರು.

‘ಯಾವುದಕ್ಕ ಬೇಕು ತಂಗಿ, ಬಾಸಿಂಗಕ್ಕೋ, ಕೋಡಿಗೋ? ಬಾಸಿಂಗಕ್ಕಾದ್ರ ತೆಳ್ಳಂದ ಕೊಡತೇನಿ.’

‘ಕೋಡಿಗೆ’ ಅಂದೆ. ಅವರು ದಪ್ಪ ಹಾಳೆಯಲ್ಲಿ ಒಂದು ಮೊಳ ಅಳೆದು ಹರಿದರು.